ಹೊರಗಿನ ಬೆಂಚಿನ ಮೇಲೆ ಕೂತವರು

ರಾಯಚೂರು, ಕಲಬುರಗಿ, ಬೀದರ ಕಡೆಯಿಂದ ಓದಲು ಹೈದರಾಬಾದಿಗೆ ಬರುವ ಮಕ್ಕಳಲ್ಲಿ ಕೆಲವರು, ನಮ್ಮ ಕಡೆಯ ಹಿರಿಯ ಎಂದು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಮಿದುಳಿನ ಮೇಲೆ ಸಂಶೋಧನೆ ಮಾಡಬೇಕು, ಅದರಲ್ಲೂ ಆಟಿಸಂ ಮೇಲೆ ಮಾಡಬೇಕು ಎನ್ನುವವರು ಈಗೀಗ ಅವರಲ್ಲಿ ಇದ್ದೇ ಇರುತ್ತಾರೆ. ಚಹಾ ಮುಗಿಯುವ ಮೊದಲೇ ಪ್ರಶ್ನೆ ಬರುತ್ತದೆ. ಯಾವ ಲ್ಯಾಬ್ ಸೇರಲಿ? ಹಬ್ಸಿಗುಡದ ಸಿಸಿಎಂಬಿಯೋ, ಗಚ್ಚಿಬೌಲಿಯ ವಿಶ್ವವಿದ್ಯಾಲಯವೋ, ಅದರ ಹತ್ತಿರದ ಟ್ರಿಪಲ್ ಐಟಿಯೋ? ಎಲ್ಲವೂ ಒಳ್ಳೆಯವೇ. ಯಾವುದನ್ನಾದರೂ ಸೇರಿರಿ. ಸೇರುವ ಮೊದಲು ಪಂಜಗುಟ್ಟದ ನಿಮ್ಸ್ ಆಸ್ಪತ್ರೆಗೋ, ಸಿಕಂದರಾಬಾದಿನ ಮನೋವಿಕಾಸ ನಗರಕ್ಕೋ ಹೋಗಿ, ಹೊರಗಿನ ಬೆಂಚಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಕಾಯುವವರ ನಡುವೆ ಒಂದಿಷ್ಟು ದಿನ ಕೂತು ಬನ್ನಿ. ಪ್ರಶ್ನೆ ಕೇಳಬೇಡಿ, ನೋಟ್‌ಬುಕ್ ತೆಗೆಯಬೇಡಿ. ಕೇಳಿಸಿಕೊಳ್ಳಿ.

ಮುದುಕನ ಹಳೆಯ ರಾಗ ಎಂದುಕೊಳ್ಳಬೇಡಿ. ಮಿದುಳಿನ ಕಾಯಿಲೆಗಳ ಬಗ್ಗೆ ಈ ಊರು ಜಗತ್ತಿಗೆ ಕೊಟ್ಟ ಬಹುದೊಡ್ಡ ಸುದ್ದಿ ಹುಟ್ಟಿದ್ದು ಅಂಥ ಬೆಂಚಿನಿಂದಲೇ. ನಿಮ್ಸ್‌ನಲ್ಲಿ ನರರೋಗ ತಜ್ಞೆಯಾಗಿದ್ದ ಸುವರ್ಣಾ ಅಲ್ಲಾಡಿ, ತಮ್ಮ ಸಂಗಡಿಗರೊಂದಿಗೆ, 2006ರಿಂದ 2012ರವರೆಗೆ ಅಲ್ಲಿಗೆ ಬಂದ ಡಿಮೆನ್ಷಿಯಾ ರೋಗಿಗಳ ಕಾಗದಗಳನ್ನು ಕೂಡಿಹಾಕಿ ನೋಡಿದರು. ಒಟ್ಟು 648 ಮಂದಿ. ಅವರಲ್ಲಿ 391 ಮಂದಿ ಒಂದಕ್ಕಿಂತ ಹೆಚ್ಚು ಭಾಷೆ ಆಡುವವರು. ಒಂದೇ ಭಾಷೆಯವರಿಗಿಂತ ಇವರಲ್ಲಿ ಮರೆವು ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು. 2013ರಲ್ಲಿ ಇದು ಪ್ರಕಟವಾದಾಗ ಲೋಕದ ಪತ್ರಿಕೆಗಳೆಲ್ಲ ಬರೆದವು.

ಇದಕ್ಕೂ ಮೊದಲು ಕೆನಡಾದ ಟೊರಾಂಟೊದಿಂದ ಇಂಥದೇ ಮಾತು ಬಂದಿತ್ತು. ಆದರೆ ಅಲ್ಲಿ ಎರಡು ಭಾಷೆ ಆಡುವವರಲ್ಲಿ ಬಹುಪಾಲು ವಲಸೆ ಬಂದವರು. ಲಾಭ ಭಾಷೆಯದೋ, ವಲಸೆಯ ಬದುಕಿನದೋ, ಓದಿನದೋ ಎಂದು ಬಿಡಿಸಿ ಹೇಳುವುದು ಕಷ್ಟ. ಹೈದರಾಬಾದಿನಲ್ಲಿ ಆ ತೊಡಕಿಲ್ಲ. ಸಹಿ ಮಾಡಲು ಬಾರದವರೂ ಇಲ್ಲಿ ಮನೆಯಲ್ಲಿ ತೆಲುಗು, ಓಣಿಯಲ್ಲಿ ದಖ್ಖನಿ, ಅಂಗಡಿಯಲ್ಲಿ ಹಿಂದಿ ಆಡುತ್ತಾರೆ. ಶಾಲೆಯ ಮೆಟ್ಟಿಲು ಹತ್ತದವರಲ್ಲೂ ಅದೇ ವ್ಯತ್ಯಾಸ ಕಂಡದ್ದರಿಂದಲೇ ಈ ಅಧ್ಯಯನಕ್ಕೆ ಅಷ್ಟು ತೂಕ ಬಂತು. ಎರಡಕ್ಕಿಂತ ಹೆಚ್ಚು ಭಾಷೆ ಬಂದರೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ ಎಂಬುದನ್ನೂ ಅವರು ಮುಚ್ಚಿಡದೆ ಬರೆದರು; ನಾಲ್ಕು ಭಾಷೆ ಆಡುವ ನನ್ನಂಥವರಿಗೆ ಸ್ವಲ್ಪ ನಿರಾಸೆಯಾಯಿತು. ಮುಂದೆ ಪಾರ್ಶ್ವವಾಯು ಆದ 608 ಮಂದಿಯನ್ನು ನೋಡಿದಾಗ, ಬುದ್ಧಿಶಕ್ತಿ ಸುಸ್ಥಿತಿಯಲ್ಲಿ ಉಳಿದವರು ಎರಡು ಭಾಷೆಯವರಲ್ಲಿ ಶೇ. 40, ಒಂದೇ ಭಾಷೆಯವರಲ್ಲಿ ಶೇ. 20ರ ಸುಮಾರು. ಆರೋಗ್ಯವಂತರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಬೇರೆ ದೇಶಗಳ ಅಧ್ಯಯನಗಳಲ್ಲಿ ಈ ಲಾಭ ಇಷ್ಟು ಸ್ಪಷ್ಟವಾಗಿ ಕಂಡಿಲ್ಲ. ಅದನ್ನೂ ಓದಿಕೊಳ್ಳಿ, ನಮ್ಮ ಊರಿನದೆಂದು ಕಣ್ಣು ಮುಚ್ಚಿ ಒಪ್ಪಬೇಡಿ. ನಾನು ತೋರಿಸಲು ಹೊರಟದ್ದು ಬೇರೆ. ಇದಕ್ಕೆ ಕೋಟಿ ಬೆಲೆಯ ಯಂತ್ರ ಬೇಕಾಗಲಿಲ್ಲ. ಬಂದವರನ್ನು ‘ನೀವು ಯಾವ್ಯಾವ ಭಾಷೆ ಆಡುತ್ತೀರಿ’ ಎಂದು ಕೇಳಿ ಬರೆದಿಟ್ಟುಕೊಳ್ಳುವ ವ್ಯವಧಾನ ಬೇಕಾಗಿತ್ತು.

ಅದೇ ಪ್ರಶ್ನೆ ಆಟಿಸಂ ಇರುವ ಮಗುವಿನ ಮನೆಗೆ ಬಂದಾಗ ಏನಾಗುತ್ತದೆ ನೋಡಿ. ಮಗು ಮಾತು ಕಲಿಯಲು ತಡವಾದರೆ ‘ಮನೆಯಲ್ಲಿ ಒಂದೇ ಭಾಷೆ ಆಡಿ, ಇಂಗ್ಲಿಷ್ ಆದರೆ ಒಳ್ಳೆಯದು’ ಎಂಬ ಸಲಹೆ ಸಲೀಸಾಗಿ ಸಿಗುತ್ತದೆ. ಕಾಚಿಗುಡ ಕಡೆಯ ಕನ್ನಡ ಮನೆಗಳಲ್ಲಿ ಇದನ್ನು ಎಷ್ಟೋ ಸಲ ಕೇಳಿದ್ದೇನೆ. ಅಜ್ಜಿಗೆ ಇಂಗ್ಲಿಷ್ ಬಾರದು. ಅಂದಿನಿಂದ ಅಜ್ಜಿ ಮೊಮ್ಮಗನ ಜೊತೆ ಮಾತೇ ಬಿಡುತ್ತಾಳೆ. ತಾಯಿ ತನಗೆ ಸರಿಯಾಗಿ ಬಾರದ ಭಾಷೆಯಲ್ಲಿ ಮುದ್ದು ಮಾಡಲು ಹೋಗಿ ತಡವರಿಸುತ್ತಾಳೆ. ಎರಡು ಭಾಷೆ ಕೇಳಿ ಬೆಳೆದ ಆಟಿಸಂ ಮಕ್ಕಳಿಗೆ ಅದರಿಂದ ಮಾತು ಮತ್ತಷ್ಟು ತಡವಾಗುತ್ತದೆ ಎನ್ನಲು ಈವರೆಗಿನ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಮಗುವಿನ ಸುತ್ತ ಮಾತು ಕಡಿಮೆ ಮಾಡುವ ಸಲಹೆಯನ್ನು ಚಿಕಿತ್ಸೆ ಎಂದು ಕರೆಯುವುದು ನನಗಂತೂ ಅನ್ಯಾಯವಾಗಿ ಕಾಣುತ್ತದೆ. ನಾಲ್ಕು ಭಾಷೆಯ ಈ ಊರಿನಲ್ಲಿ ಕೂತು ಇದರ ಮೇಲೆ ಗಟ್ಟಿ ಕೆಲಸ ಮಾಡಲು ನಿಮಗಿಂತ ಯೋಗ್ಯರು ಯಾರು?

ಮನೋವಿಕಾಸ ನಗರ ಎಂದೆನಲ್ಲ. ಅಲ್ಲಿರುವುದು ಬೌದ್ಧಿಕ ಅಂಗವೈಕಲ್ಯದ ರಾಷ್ಟ್ರೀಯ ಸಂಸ್ಥೆ. 1984ರಲ್ಲಿ ಶುರುವಾದದ್ದು, ಈಗ ಎನ್‌ಐಇಪಿಐಡಿ ಎಂದು ಹೆಸರು. ದೇಶದಲ್ಲಿ ಆಟಿಸಂ ಅಳೆಯಲು ಸರ್ಕಾರ ಒಪ್ಪಿರುವ ಐಸಾ ಎಂಬ ಮಾಪಕ ತಯಾರಾದದ್ದು ಇಲ್ಲಿ. ನಲವತ್ತು ಅಂಶಗಳು. ಪ್ರತಿಯೊಂದಕ್ಕೂ ಒಂದರಿಂದ ಐದು ಅಂಕ. ಜನರೊಡನೆ ಬೆರೆಯುವುದು, ಭಾವನೆ, ಮಾತು, ನಡವಳಿಕೆಯ ರೀತಿ, ಇಂದ್ರಿಯಗಳ ಸೂಕ್ಷ್ಮತೆ, ಗ್ರಹಿಕೆ ಎಂದು ಆರು ಭಾಗ. ಒಟ್ಟು 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಅಲ್ಲ, 106ರವರೆಗೆ ಸೌಮ್ಯ, 153ರವರೆಗೆ ಮಧ್ಯಮ, ಅದರ ಮೇಲೆ ತೀವ್ರ.

ಹೊರದೇಶದ ಮಾಪಕಗಳೂ ನಿಮ್ಮ ಕೈಗೆ ಬರುತ್ತವೆ. ಜಗತ್ತಿನಲ್ಲಿ ಹೆಚ್ಚು ಹೆಸರಾದ ಒಂದರಲ್ಲಿ ಗೊಂಬೆಯ ಹುಟ್ಟುಹಬ್ಬ ಆಚರಿಸುವ ಆಟವಿದೆ; ಮೇಣದಬತ್ತಿ ಆರಿಸುವಾಗ ಮಗು ಹೇಗೆ ಪಾಲ್ಗೊಳ್ಳುತ್ತದೆ ಎಂದು ನೋಡುತ್ತಾರೆ. ಲಿಂಗಸುಗೂರಿನ ಬೇಕರಿಯಲ್ಲೂ ಈಗ ಕೇಕು ಸಿಗುತ್ತದೆ, ಒಪ್ಪಿದೆ. ಆದರೆ ತಾಂಡಾದ ಮಗುವಿಗೆ ಆ ಆಟ ಹೊಸದು, ಡಾಕ್ಟರ ಕೋಣೆ ಅದಕ್ಕಿಂತ ಹೊಸದು. ಹಿರಿಯರ ಮುಖ ದಿಟ್ಟಿಸಿ ನೋಡಬಾರದು ಎಂದು ಕಲಿಸಿರುವ ಮನೆಯ ಮಗು ಕಣ್ಣಿಗೆ ಕಣ್ಣು ಕೊಡಲಿಲ್ಲ ಎಂದು ಬರೆಯುವಾಗ ಪೆನ್ನು ಸ್ವಲ್ಪ ತಡೆಯಬೇಕು. ಅಂಕ ಹಾಕುವುದು ನಿಮಗೆ ಒಂದು ತರಬೇತಿ. ಬೆಂಚಿನ ಮೇಲಿನವರಿಗೆ ಅದು 69ಕ್ಕೂ 70ಕ್ಕೂ ನಡುವಿನ ಅಂತರ. ಈ ಮಾಪಕದ 70ನ್ನು ಶೇ. 40 ಅಂಗವೈಕಲ್ಯವೆಂದು ಎಣಿಸುತ್ತಾರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಬಹುತೇಕ ಸವಲತ್ತುಗಳು ಆ ಗೆರೆಯಿಂದಲೇ ಶುರುವಾಗುತ್ತವೆ. ಒಂದು ಅಂಕದ ಈಚೆ ಕಾರ್ಡು, ಆಚೆ ಬರಿಗೈ. ಆ ಹಾಳೆಯ ಮುಂದೆ ಅವಸರ ಮಾಡಬೇಡಿ.

ಇನ್ನೊಂದು ದೊಡ್ಡ ಕೆಲಸದಲ್ಲೂ ಹೈದರಾಬಾದಿನ ಪಾಲಿದೆ. ಭಾರತದ ಮಕ್ಕಳಲ್ಲಿ ಮಿದುಳಿನ ಬೆಳವಣಿಗೆಯ ತೊಂದರೆಗಳು ಎಷ್ಟಿವೆ ಎಂದು ಮನೆಮನೆಗೆ ಹೋಗಿ ನೋಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಪಲ್ವಲ್, ಕಾಂಗಡಾ, ಢೆಂಕಾನಾಲ್, ಉತ್ತರ ಗೋವಾ ಮತ್ತು ಹೈದರಾಬಾದ್ ಎಂಬ ಐದು ಕಡೆ, ಎರಡರಿಂದ ಒಂಬತ್ತು ವರ್ಷದ 3,964 ಮಕ್ಕಳು. ಸುಮಾರು ಎಂಟರಲ್ಲಿ ಒಂದು ಮಗುವಿಗೆ ಯಾವುದಾದರೊಂದು ತೊಂದರೆ ಇತ್ತು: ಮೂರ್ಛೆ, ಕಿವುಡು, ಕಲಿಕೆಯ ತೊಡಕು, ಬುದ್ಧಿಮಾಂದ್ಯ, ಆಟಿಸಂ, ಹೀಗೆ. ಆಟಿಸಂ ಒಂದನ್ನೇ ತೆಗೆದುಕೊಂಡರೆ ನೂರಕ್ಕೆ ಒಂದರ ಆಸುಪಾಸು. ಆದರೆ ನನಗೆ ಮುಖ್ಯವೆನಿಸಿದ್ದು ಎಣಿಕೆಯಲ್ಲ, ಈ ತೊಂದರೆಗಳ ಜೊತೆ ಜೊತೆಗೇ ಕಂಡ ಸಂಗತಿಗಳು. ಮನೆಯಲ್ಲೇ ಆದ ಹೆರಿಗೆ, ಹುಟ್ಟಿದ ಕೂಡಲೇ ಅಳದ ಕೂಸು, ತೂಕ ಕಡಿಮೆ, ದಿನ ತುಂಬುವ ಮೊದಲೇ ಹುಟ್ಟಿದ್ದು, ಮಿದುಳಿಗೆ ತಗಲಿದ ಸೋಂಕು. ಇವು ಒಟ್ಟು ತೊಂದರೆಗಳ ಮಾತು, ಆಟಿಸಂಗೆ ಇವೇ ಕಾರಣ ಎಂದು ಓದಿಕೊಳ್ಳಬೇಡಿ. ಆದರೂ ಒಂದು ಮಾತು ಹೇಳದೆ ಇರಲಾರೆ: ಕಲ್ಯಾಣ ಕರ್ನಾಟಕದ ಮಕ್ಕಳ ಮಿದುಳಿಗೆ ಏನಾದರೂ ಒಳ್ಳೆಯದು ಮಾಡಬೇಕು ಎಂಬುದಷ್ಟೇ ನಿಮ್ಮ ಆಸೆಯಾಗಿದ್ದರೆ, ಒಂದು ತಾಲ್ಲೂಕು ಆಸ್ಪತ್ರೆಯ ಹೆರಿಗೆ ಕೋಣೆ ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವುದು ಹತ್ತು ಪ್ರಬಂಧಕ್ಕಿಂತ ಹೆಚ್ಚಿನ ಕೆಲಸ. ಪಿಎಚ್‌ಡಿಗೆ ಬಂದವರಿಗೆ ಇದು ಹಿತವಾದ ಮಾತಲ್ಲ. ಇರಲಿ.

ಈಗ ತಾಯಂದಿರ ವಿಷಯ. ಬೆಂಚಿನ ಮೇಲೆ ಕೂತರೆ ಮೊದಲು ಕಿವಿಗೆ ಬೀಳುವುದು ಅದೇ. ಬಸುರಿಯಲ್ಲಿ ಗ್ರಹಣ ನೋಡಿದಳು, ನೌಕರಿ ಬಿಡಲಿಲ್ಲ, ಕೈಗೆ ಮೊಬೈಲು ಕೊಟ್ಟಳು. ಹಳ್ಳಿಯ ಅತ್ತೆಯರು ಮಾತ್ರ ಹೀಗೆ ಎಂದುಕೊಳ್ಳಬೇಡಿ. 1943ರಲ್ಲಿ ಅಮೆರಿಕದ ಲಿಯೊ ಕಾನರ್ ಹನ್ನೊಂದು ಮಕ್ಕಳನ್ನು ವಿವರಿಸಿ ಈ ಸ್ಥಿತಿಗೆ ಹೆಸರಿಟ್ಟ ಮೇಲೆ, ಮುಂದಿನ ಎರಡು ಮೂರು ದಶಕ ದೊಡ್ಡ ದೊಡ್ಡ ಪಂಡಿತರೇ ತಾಯಿಯ ತಣ್ಣನೆಯ ಮನಸ್ಸೇ ಕಾರಣ ಎಂದರು. ಬ್ರೂನೊ ಬೆಟಲ್‌ಹೈಮ್ 1967ರಲ್ಲಿ ಆ ವಾದಕ್ಕೆ ಒಂದು ಪುಸ್ತಕವನ್ನೇ ಮೀಸಲಿಟ್ಟ. ಆ ಕಟ್ಟಡ ಅಲುಗಿದ್ದು 1977ರಲ್ಲಿ, ಕೇವಲ ಇಪ್ಪತ್ತೊಂದು ಜೋಡಿ ಅವಳಿಗಳಿಂದ. ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕಲ್ ರಟರ್ ನೋಡಿದ ತದ್ರೂಪಿ ಅವಳಿಗಳ ಹನ್ನೊಂದು ಜೋಡಿಗಳಲ್ಲಿ ನಾಲ್ಕರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ತದ್ರೂಪಿಯಲ್ಲದ ಹತ್ತು ಜೋಡಿಗಳಲ್ಲಿ ಒಂದರಲ್ಲೂ ಇಬ್ಬರಿಗೂ ಇರಲಿಲ್ಲ. ಒಂದೇ ತಾಯಿ, ಒಂದೇ ಮನೆ. ವ್ಯತ್ಯಾಸ ಇದ್ದದ್ದು ಜೀನ್‌ಗಳಲ್ಲಿ. ಇಂದು ಆಟಿಸಂ ಜೊತೆ ಗಟ್ಟಿಯಾಗಿ ತಳುಕು ಹಾಕಿಕೊಂಡ ಜೀನ್‌ಗಳು ನೂರನ್ನು ದಾಟಿವೆ. ಲಸಿಕೆಯಿಂದ ಬರುತ್ತದೆ ಎಂಬ 1998ರ ಲೇಖನವನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಡೆನ್ಮಾರ್ಕ್‌ನಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಹಿಂಬಾಲಿಸಿ 2019ರಲ್ಲಿ ಮತ್ತೊಮ್ಮೆ ಸಂಬಂಧವಿಲ್ಲ ಎಂದು ತೋರಿಸಿದರು. ಆ ಚರ್ಚೆ ಮುಗಿದಿದೆ.

ಆದರೆ ಜೀನ್ ಎಂಬ ಉತ್ತರವೂ ತಾಯಿಯ ಕುತ್ತಿಗೆಗೇ ಬೀಳಬಹುದು ಎಂಬುದನ್ನು ಯಾವ ಪಠ್ಯಪುಸ್ತಕವೂ ನಿಮಗೆ ಹೇಳುವುದಿಲ್ಲ. ಆಟಿಸಂಗೆ ಕಾರಣವಾಗಬಲ್ಲ ಫ್ರಜೈಲ್ ಎಕ್ಸ್ ಎಂಬ ಸ್ಥಿತಿಯನ್ನೇ ತೆಗೆದುಕೊಳ್ಳಿ. ಎಕ್ಸ್ ವರ್ಣತಂತುವಿನ ಮೇಲಿನ ಎಫ್‌ಎಂಆರ್1 ಜೀನ್‌ನಲ್ಲಿ ಮೂರಕ್ಷರದ ಒಂದು ತುಣುಕು ಮತ್ತೆ ಮತ್ತೆ ಬರುತ್ತದೆ. ಅದು ಇನ್ನೂರು ದಾಟಿದರೆ ಜೀನ್ ಮುಚ್ಚಿಕೊಳ್ಳುತ್ತದೆ, ನರಕೋಶಗಳಿಗೆ ಬೇಕಾದ ಒಂದು ಪ್ರೋಟೀನ್ ತಯಾರಾಗುವುದಿಲ್ಲ. ಗಂಡುಮಗುವಿಗೆ ಎಕ್ಸ್ ಬರುವುದು ತಾಯಿಯಿಂದ. ರಿಪೋರ್ಟ್ ಕೈಗಿಟ್ಟು ‘ತಾಯಿ ವಾಹಕಿ’ ಎಂದು ಒಂದೇ ಉಸಿರಿಗೆ ಹೇಳಿ ನೀವು ಊಟಕ್ಕೆ ಹೋಗುತ್ತೀರಿ. ಅಂದು ರಾತ್ರಿ ಆ ಮನೆಯಲ್ಲಿ ಏನು ನಡೆಯುತ್ತದೆ, ಅವಳ ತಂಗಿಯ ಮದುವೆಯ ಮಾತುಕತೆ ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ಯೋಚಿಸಿದ್ದೀರಾ? ಅವಳಿಗೆ ಆ ತುಣುಕು ತನ್ನ ತಂದೆಯಿಂದಲೂ ಬಂದಿರಬಹುದು, ಆ ಮನುಷ್ಯ ನೆಟ್ಟಗೆ ಬಾಳಿ ಬದುಕಿದವನೇ ಇರಬಹುದು, ತಲೆಮಾರು ದಾಟುವಾಗ ಅದು ತಾನಾಗಿಯೇ ಉದ್ದವಾಗುತ್ತದೆ, ಇದರಲ್ಲಿ ಯಾರ ತಪ್ಪೂ ಇಲ್ಲ ಎಂಬುದನ್ನು ಗಂಡ, ಅತ್ತೆ, ಮಾವ ಎಲ್ಲರನ್ನೂ ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಬೇಕು. ಅದು ಕೌನ್ಸೆಲರ್ ಕೆಲಸ, ನನ್ನದಲ್ಲ ಎನ್ನಬೇಡಿ. ರಕ್ತ ಕೇಳಿದವರು ನೀವು.

ಸೋದರಮಾವನ ಮದುವೆ, ಅತ್ತೆಯ ಮಗನ ಮದುವೆ ನಮ್ಮ ಕಡೆ ಇದ್ದದ್ದೇ. ಅದನ್ನು ಕೇಳಿದೊಡನೆ ಕೆಲವು ಕಿರಿಯ ಡಾಕ್ಟರುಗಳ ಮುಖದಲ್ಲಿ ಎಲ್ಲ ತಿಳಿದವರ ಕಳೆ ಬರುತ್ತದೆ. ಸಿಸಿಎಂಬಿಯ ಕೆ. ತಂಗರಾಜ್ ಮತ್ತು ಅಮೆರಿಕದ ಡೇವಿಡ್ ರೈಕ್ ಅವರ ತಂಡ 2017ರಲ್ಲಿ ಪ್ರಕಟಿಸಿದ್ದನ್ನು ಅವರು ಓದಲಿ. ದಕ್ಷಿಣ ಏಷ್ಯಾದ 263 ಸಮುದಾಯಗಳಲ್ಲಿ 81 ಸಮುದಾಯಗಳವರು ಕೆಲವೇ ಕೆಲವು ಪೂರ್ವಜರಿಂದ ಕವಲೊಡೆದು, ಶತಮಾನಗಳ ಕಾಲ ತಮ್ಮೊಳಗೇ ಮದುವೆಯಾಗುತ್ತ ಬಂದವರು. ಈ ಚರಿತ್ರೆ ಜೀನ್‌ಗಳಲ್ಲಿ ಬಿಟ್ಟ ಗುರುತು ಫಿನ್ಲೆಂಡಿನವರಿಗಿಂತಲೂ ಇವರಲ್ಲಿ ಗಾಢ. ಹತ್ತಿರದ ನಂಟರೊಳಗೆ ಮದುವೆಯೇ ಆಗದ ಜಾತಿಗಳಲ್ಲೂ ಈ ಗುರುತಿದೆ. ವೈಶ್ಯರಲ್ಲಿ ಕೆಲವರಿಗೆ ಅರಿವಳಿಕೆಯ ಜೊತೆ ಕೊಡುವ ಒಂದು ಸ್ನಾಯು ಸಡಿಲಿಸುವ ಔಷಧಿ ಬೇಗ ಇಳಿಯುವುದಿಲ್ಲ ಎಂಬುದು ಇದಕ್ಕೆ ಹೆಸರಾದ ಉದಾಹರಣೆ. ಅಂದರೆ ಪ್ರಶ್ನೆ ಒಂದು ಮನೆಯ ಮದುವೆಯದಲ್ಲ, ನಮ್ಮೆಲ್ಲರ ಚರಿತ್ರೆಯದು. ಎದುರಿಗೆ ಕೂತ ದಂಪತಿಯನ್ನು ಅಪರಾಧಿಗಳಂತೆ ನೋಡಲು ನಮಗೆ ಹಕ್ಕಿಲ್ಲ.

ಇಲಿಗಳ ಜೊತೆ ಕೆಲಸ ಮಾಡುವವರಿಗೆ ಒಂದೆರಡು ಮಾತು. ಬೆಂಗಳೂರಿನಲ್ಲಿ ಒಳ್ಳೆಯ ಕೆಲಸ ನಡೆದಿದೆ. ಎನ್‌ಸಿಬಿಎಸ್‌ನಲ್ಲಿ ಸುಮಂತ್ರ ಚಟರ್ಜಿ ಅವರ ತಂಡ ಫ್ರಜೈಲ್ ಎಕ್ಸ್ ಇಲಿಯ ಮಿದುಳಿನಲ್ಲಿ, ಭಯವನ್ನು ಸಂಭಾಳಿಸುವ ಅಮಿಗ್ಡಲಾ ಎಂಬ ಭಾಗದಲ್ಲಿ, ನರಕೋಶಗಳ ಸಂದಿಗಳು ಹೇಗೆ ಕೆಟ್ಟಿರುತ್ತವೆ, ಔಷಧಿಯಿಂದ ಹೇಗೆ ಕೆಲಮಟ್ಟಿಗೆ ಸರಿಹೋಗುತ್ತವೆ ಎಂದು 2010ರಲ್ಲೇ ತೋರಿಸಿತು. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಜೇಮ್ಸ್ ಕ್ಲೆಮೆಂಟ್ ಅವರ ತಂಡ ಸಿನ್‌ಗ್ಯಾಪ್1 ಎಂಬ ಜೀನಿನ ಹಿಂದೆ ಬಿದ್ದಿದೆ. ಇಂಥ ಕೆಲಸ ಬೇಕು. ಆದರೆ ಇಲಿಯಲ್ಲಿ ಗೆದ್ದ ಅದೇ ಬಗೆಯ ಔಷಧಿಯನ್ನು, ಮಾವೊಗ್ಲುರಾಂಟ್ ಎಂದು ಅದರ ಹೆಸರು, ಫ್ರಜೈಲ್ ಎಕ್ಸ್ ಇರುವ ಮನುಷ್ಯರಿಗೆ ಕೊಟ್ಟಾಗ ಸಪ್ಪೆ ಮಾತ್ರೆಗಿಂತ ಹೆಚ್ಚಿನ ಗುಣ ಕಾಣಲಿಲ್ಲ. ಕಂಪನಿ 2014ರಲ್ಲಿ ಕೈಬಿಟ್ಟಿತು. ಮಿದುಳಿನ ಕಾಯಿಲೆಗಳಲ್ಲಿ ಇಲಿಯಿಂದ ಮಗುವಿನವರೆಗಿನ ದಾರಿ ದೂರ. ನಿಮ್ಮ ಪ್ರಬಂಧದ ಸುದ್ದಿ ‘ಆಟಿಸಂಗೆ ಮದ್ದು ಪತ್ತೆ’ ಎಂದು ಪತ್ರಿಕೆಯಲ್ಲಿ ಬಂದರೆ ನಿಮಗೆ ಖುಷಿಯಾಗುವುದು ಸಹಜ. ಆ ಕತ್ತರಿಸಿದ ತುಣುಕನ್ನು ಮಡಿಚಿ ಪರ್ಸಿನಲ್ಲಿ ಇಟ್ಟುಕೊಂಡು ಬೀದರದಿಂದ ರೈಲು ಹತ್ತಿ ಬರುವ ಅಪ್ಪನಿಗೆ ನೀವು ಉತ್ತರ ಕೊಡಬೇಕಾಗುತ್ತದೆ.

ಆಸೆಯ ಬಲ ಎಷ್ಟೆಂದು ಕೇಳಿ. ಸೀಕ್ರಿಟಿನ್ ಎಂಬ ಜೀರ್ಣಾಂಗದ ಹಾರ್ಮೋನಿನ ಇಂಜೆಕ್ಷನ್ ಆಟಿಸಂಗೆ ಪವಾಡ ಎಂದು ತೊಂಬತ್ತರ ದಶಕದ ಕೊನೆಗೆ ಅಮೆರಿಕದಲ್ಲಿ ಗುಲ್ಲೆದ್ದಿತು. 1999ರಲ್ಲಿ ಕ್ರಮವಾಗಿ ಪರೀಕ್ಷಿಸಿದಾಗ ಬರೀ ಉಪ್ಪುನೀರಿಗಿಂತ ಅದು ಯಾವುದರಲ್ಲೂ ಮೇಲಾಗಿರಲಿಲ್ಲ. ಆ ಫಲಿತಾಂಶವನ್ನು ತಿಳಿಸಿದ ಮೇಲೂ ಪ್ರಯೋಗದಲ್ಲಿದ್ದ ಮಕ್ಕಳ ತಂದೆತಾಯಂದಿರಲ್ಲಿ ಶೇ. 69 ಮಂದಿ ನಮಗೆ ಆ ಚಿಕಿತ್ಸೆ ಬೇಕು ಎಂದರು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಅವರನ್ನು ದಡ್ಡರು ಎನ್ನಬೇಡಿ. ಆದರೆ ಹುಲ್ಲುಕಡ್ಡಿ ಮಾರುವ ಅಂಗಡಿ ಇಟ್ಟವರನ್ನು ಏನೆನ್ನಬೇಕು? ನಮ್ಮ ದೇಶದಲ್ಲಿ ಇಂದು ಆ ಅಂಗಡಿಯ ಹೆಸರು ಸ್ಟೆಮ್ ಸೆಲ್. 2017ರ ಐಸಿಎಂಆರ್ ಮಾರ್ಗಸೂಚಿ, ಕೆಲವು ರಕ್ತದ ಕಾಯಿಲೆಗಳಂಥವನ್ನು ಬಿಟ್ಟು, ಪ್ರಯೋಗದ ಹೊರಗೆ ಇದನ್ನು ಚಿಕಿತ್ಸೆಯೆಂದು ಕೊಡುವುದು ಅನೈತಿಕ ಎಂದಿತು. 2022ರ ಡಿಸೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಆಟಿಸಂಗೆ ಇದು ಸಲ್ಲದು ಎಂದು ಹೆಸರು ಹಿಡಿದೇ ಹೇಳಿತು. ಆದರೂ ಹೊಲ ಅಡವಿಟ್ಟು ಬರುವವರನ್ನು ನೀವು ಬೆಂಚಿನ ಮೇಲೆ ನೋಡುತ್ತೀರಿ. ಅವರು ನಿಮ್ಮನ್ನು ಕೇಳಿದರೆ, ಅದು ನನ್ನ ವಿಷಯವಲ್ಲ ಎಂದು ಜಾರಿಕೊಳ್ಳಬೇಡಿ. ಬೇಡ ಎಂದು ಸ್ಪಷ್ಟವಾಗಿ ಹೇಳಿ. ಯಾಕೆ ಬೇಡ ಎಂದು ಅವರ ಭಾಷೆಯಲ್ಲೇ ಹೇಳಿ.

ಬೇಡ ಎಂದ ಮೇಲೆ ‘ಹಾಗಾದರೆ ಏನು ಮಾಡೋಣ’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಉತ್ತರ ಸಿದ್ಧವಿರಲಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯ ಬಾಗಿಲು ತಟ್ಟಲು ಹೇಳಿ. ಪ್ರತಿಭಾ ಕಾರಂತ ಅವರು ಬೆಂಗಳೂರಿನಲ್ಲಿ ಕಟ್ಟಿದ ಕಾಮ್ ಡೀಲ್ ಕಾರ್ಯಕ್ರಮದ ಬಗ್ಗೆ ತಿಳಿದುಕೊಂಡಿರಿ. ದೂರದ ಊರಿನವರಿಗೆ ಇನ್ನೂ ಹತ್ತಿರದ ದಾರಿ ಬೇಕು. ಗೋವಾದಲ್ಲೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲೂ ಒಟ್ಟಿಗೆ ನಡೆದ ಒಂದು ಪ್ರಯೋಗ 2016ರಲ್ಲಿ ಪ್ರಕಟವಾಯಿತು. 65 ಮಕ್ಕಳು. ಕಲಿಸಿದವರು ತಜ್ಞರಲ್ಲ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು. ಮಗು ಏನನ್ನು ನೋಡುತ್ತಿದೆಯೋ ಅದನ್ನೇ ತಾಯಿಯೂ ಹಿಂಬಾಲಿಸಿ, ಕಾದು, ಮಾತಾಡುವುದನ್ನು ಮನೆಯಲ್ಲೇ ವಿಡಿಯೊ ತೆಗೆದು ತೋರಿಸಿ ಕಲಿಸಿದರು. ತಾಯಂದಿರು ಮಗುವಿನ ಲಯಕ್ಕೆ ಹೊಂದಿಕೊಂಡರು, ಮಕ್ಕಳು ತಾವಾಗಿಯೇ ಮಾತುಕತೆಗೆ ಮುಂದಾಗುವುದು ಹೆಚ್ಚಿತು. ಎಲ್ಲ ಅಳತೆಯಲ್ಲೂ ಸುಧಾರಣೆ ಬರಲಿಲ್ಲ, ಅದನ್ನೂ ಅವರು ಬರೆದರು. ಇಂಥದ್ದು ಕಲಬುರಗಿಯ ಆಶಾ ಕಾರ್ಯಕರ್ತೆಯ ಕೈಗೆ, ಅವಳ ಕನ್ನಡದಲ್ಲಿ, ಅವಳ ದಖ್ಖನಿಯಲ್ಲಿ ಬರುವಂತೆ ಮಾಡಿ ಪರೀಕ್ಷಿಸಿದರೆ ಅದಕ್ಕಿಂತ ಒಳ್ಳೆಯ ಪಿಎಚ್‌ಡಿ ವಿಷಯ ನನಗಂತೂ ತೋಚದು.

ಬೆಂಚಿನ ಮೇಲೆ ಯಾರು ಇಲ್ಲ ಎಂಬುದನ್ನೂ ಗಮನಿಸಿ. ಹೆಣ್ಣುಮಕ್ಕಳು ಕಡಿಮೆ. ಆಟಿಸಂ ಗಂಡುಮಕ್ಕಳಲ್ಲಿ ಮೂರ್ನಾಲ್ಕು ಪಟ್ಟು ಹೆಚ್ಚು ಗುರುತಾಗುತ್ತದೆ, ನಿಜ. ಆದರೆ ಮಾತಾಡದ ಹುಡುಗಿಯನ್ನು ‘ಬಹಳ ಒಳ್ಳೆಯವಳು, ಸುಮ್ಮನಿರುತ್ತಾಳೆ’ ಎಂದು ಮನೆಯಲ್ಲೇ ಬಿಟ್ಟುಬಂದಿರುತ್ತಾರೆ. ದೊಡ್ಡವರಂತೂ ಇಲ್ಲವೇ ಇಲ್ಲ. ಆಟಿಸಂ ಇರುವ ಮಗು ನಲವತ್ತರ ಮನುಷ್ಯನಾಗುತ್ತದೆ, ಅರವತ್ತರ ಮುದುಕನಾಗುತ್ತದೆ. ಅವರ ಮೇಲೆ ನಮ್ಮಲ್ಲಿ ಸಂಶೋಧನೆ ಬಹಳ ಕಡಿಮೆ. ಅವರಲ್ಲಿ ಮಾತಾಡಬಲ್ಲವರು, ಬರೆಯಬಲ್ಲವರು ಇದ್ದಾರೆ. ನಿಮ್ಮ ಪ್ರಶ್ನಾವಳಿಯನ್ನು ನಿಮ್ಮ ಗೈಡ್‌ಗೆ ತೋರಿಸುವ ಮೊದಲು ಅವರಿಗೊಮ್ಮೆ ತೋರಿಸಿ. ಗೈಡ್ ಬೇಜಾರಾದರೆ ನನ್ನ ಹೆಸರು ಹೇಳಿ.

ಕೊನೆಗೆ ನಿಮ್ಮಿಂದ ಒಂದು ಬೇಡಿಕೆ. ಪ್ರಬಂಧ ಮುಗಿದ ಮೇಲೆ, ನಿಮಗೆ ರಕ್ತ ಕೊಟ್ಟ, ಪ್ರಶ್ನೆಗಳಿಗೆ ಗಂಟೆಗಟ್ಟಲೆ ಉತ್ತರ ಕೊಟ್ಟ ಪ್ರತಿಯೊಂದು ಮನೆಗೂ, ನೀವು ಏನು ಕಂಡಿರಿ, ಏನು ಕಾಣಲಿಲ್ಲ ಎಂಬುದನ್ನು ಒಂದು ಪುಟದಲ್ಲಿ, ಅವರು ಓದುವ ಭಾಷೆಯಲ್ಲಿ ಬರೆದು ಕಳಿಸಿ. ಓದು ಬಾರದವರಿದ್ದರೆ ಹೋಗಿ ಓದಿ ಹೇಳಿ. ಕನ್ನಡದ ಪುಟವನ್ನು ತಿದ್ದಿಕೊಡಲು ನಾನಿದ್ದೇನೆ. ಭಾನುವಾರ ಬೆಳಿಗ್ಗೆ ಮನೆಯಲ್ಲೇ ಇರುತ್ತೇನೆ, ಬನ್ನಿ.